ಆನೆಗೆ ಅಡ್ಡ ನಿಂತ ಕಾಲಾಳು

ಅದೊಂದು ಮಂಗಳವಾರ. ಚದುರಂಗದ ಒಗಟು ಕಟ್ಟುವ ಅಚ್ಯುತಯ್ಯನವರು ಮೂರು ವಾರ ತಿಣುಕಿ ಕಾಯಿ ಜೋಡಿಸಿ, ಊಟಕ್ಕೆ ಎದ್ದರು. ಬಿಳಿಯರು ಎರಡೇ ನಡೆಯಲ್ಲಿ ಕರಿ ರಾಜನನ್ನು ಕಟ್ಟಿಹಾಕಬೇಕು. ಉತ್ತರ ಒಂದೇ ಇರಬೇಕು. ಎರಡಾದರೆ ಒಗಟು ಕೆಟ್ಟಂತೆ. ಆ ಉತ್ತರದ ಮೊದಲ ನಡೆ ಬಿಳಿ ಕುದುರೆಯದು. ಪತ್ರಿಕೆಯಲ್ಲಿ ತನ್ನ ನೆಗೆತ ಅಚ್ಚಾಗುತ್ತದೆಂದು ಅದು ಬೀಗುತ್ತಿತ್ತು. ಆದರೆ ಬಿಳಿ ಆನೆಯ ಮುಂದಿದ್ದ ಬಿಳಿ ಕಾಲಾಳಿನ ಮೇಲೆ ಅದಕ್ಕೆ ಬೆಳಗಿನಿಂದ ಗುಮಾನಿ.

“ಎಲವೋ, ನಮ್ಮ ಆನೆಗೇ ಅಡ್ಡ ನಿಂತಿದ್ದೀಯಲ್ಲ, ನೀನು ಯಾರ ಕಡೆಯವನು?”

“ಅಯ್ಯನವರು ನಿಲ್ಲಿಸಿದರು, ನಿಂತೆ. ಕಾರಣ ನನಗೆ ತಿಳಿಯದು, ಸ್ವಾಮಿ.”

“ಕಾರಣ ತಿಳಿಯದವನು ಇಷ್ಟು ನೆಟ್ಟಗೆ ನಿಲ್ಲುವುದಿಲ್ಲ. ನೀನು ಕರಿಯರ ಬೇಹುಗಾರ!” ಎಂದು ಕುದುರೆ ಒದೆಯಿತು. ಕಾಲಾಳು ಮೇಜಿನಿಂದ ಕೆಳಗುರುಳಿದ.

“ಬದುಕಿದೆ!” ಎಂದಿತು ಆನೆ. “ಈಗ ಆ ರಾಜನನ್ನು ನಾನೂ ಕಟ್ಟಿಹಾಕಬಲ್ಲೆ.”

ಅಚ್ಯುತಯ್ಯನವರು ಕೈ ಒರೆಸಿಕೊಳ್ಳುತ್ತ ಬಂದು ಕೂತರು. ದಿನಕ್ಕೆ ಹತ್ತು ಸಲ ಕಾಯಿ ಬದಲಿಸುತ್ತಿದ್ದ ಅವರಿಗೆ ಕಾಲಾಳು ಇಲ್ಲದ್ದು ಹೊಳೆಯಲಿಲ್ಲ. ಆನೆಯ ನಡೆ ಮಾತ್ರ ಥಟ್ಟನೆ ಕಂಡಿತು.

“ಅಯ್ಯೋ, ಎರಡು ಉತ್ತರ! ಮೂರು ವಾರ ದಂಡ,” ಎಂದು ಕಾಯಿ ತುಂಬುವ ಪೆಟ್ಟಿಗೆ ತೆರೆದರು.

ಮೊದಲು ಒಳಗೆ ಹೋದದ್ದು ಕುದುರೆ.