ಕತ್ತೆಯ ಬಾಲಕ್ಕೆ ಎಂಟು ಬುಟ್ಟಿ

ಕಾರ್ತಿಕ ಶುದ್ಧ ದಶಮಿ, ಗುರುವಾರ. ಮಳೆಗಾಲ ಮುಗಿದಿತ್ತು. ಬಿಸಿಲು ಎಳೆಯದಾಗಿತ್ತು, ಮೂಡಣ ಗಾಳಿ ತಣ್ಣಗೆ ಬೀಸುತ್ತಿತ್ತು.

ಏಳುಹಾದಿ ಅನ್ನೋ ರಾಜ್ಯದಲ್ಲಿ ಅವತ್ತು ಡಂಗುರ ಹೊಡೆದರು.

"ಕೇಳ್ರಪ್ಪೋ ಕೇಳಿ! ಇವತ್ತಿನಿಂದ ಬಾಲಕ್ಕೆ ಸುಂಕ! ದಾರಿ ಮೇಲೆ ನಡೆಯೋ ಪ್ರತಿ ಬಾಲಕ್ಕೂ ತಿಂಗಳಿಗೆ ಎಂಟು ಬುಟ್ಟಿ ಜಲ್ಲಿ! ಹುಣ್ಣಿಮೆಯೊಳಗೆ ಹಾಕದಿದ್ದರೆ ಬಾಲದ ಸಮೇತ ಪ್ರಾಣಿ ಅರಮನೆಗೆ!"

ಆ ರಾಜ್ಯದಲ್ಲಿ ದಾರಿಯ ಸುಂಕವನ್ನು ದುಡ್ಡಿನಲ್ಲಿ ಕೊಡುತ್ತಿರಲಿಲ್ಲ, ಕಲ್ಲಿನಲ್ಲಿ ಕೊಡುತ್ತಿದ್ದರು. ಗುಡ್ಡದಲ್ಲಿ ಕಲ್ಲು ಒಡೆದು, ಬುಟ್ಟಿಯಲ್ಲಿ ಹೊತ್ತು ತಂದು, ದಾರಿಗೆ ಸುರಿಯಬೇಕು. ದಾರಿ ಬಳಸುವವರು ದಾರಿ ಕಟ್ಟಬೇಕು ಅಂತ ಹಿರಿಯರು ಮಾಡಿದ ಕಟ್ಟಳೆ. ಕಟ್ಟಳೆ ಒಳ್ಳೆಯದೇ. ಯಾರು ಎಷ್ಟು ಬುಟ್ಟಿ ಅನ್ನೋದರಲ್ಲಿತ್ತು ತಕರಾರು.

ಡಂಗುರ ಕೇಳಿ ಕುಂಬಾರರ ದುಂಡವ್ವ ತಿರುಗುತ್ತಿದ್ದ ತಿಗರಿಯನ್ನು ಕೈಯಿಂದ ಹಿಡಿದು ನಿಲ್ಲಿಸಿದಳು. ಮನೆಯಲ್ಲಿದ್ದದ್ದು ಮೂರೇ. ಅವಳು, ಅವಳ ತಿಗರಿ, ಅವಳ ಕತ್ತೆ. ಕತ್ತೆಯ ಹೆಸರು ಬೂದ. ಗಡಿಗೆ ಮಾಡುವುದು ಅವಳ ಕೆಲಸ, ಸಂತೆಗೆ ಹೊರುವುದು ಬೂದನ ಕೆಲಸ. ಬೂದ ಹೋದರೆ ಗಡಿಗೆ ಅಂಗಳದಲ್ಲೇ ಉಳಿಯುತ್ತವೆ, ಒಲೆ ಹತ್ತುವುದಿಲ್ಲ.

"ಹೋದ ಸಲ ಕಾಲು, ಈ ಸಲ ಬಾಲ," ಅಂದಳು ದುಂಡವ್ವ. "ಇನ್ನು ಕಿವಿಯೊಂದು ಉಳಿದಿದೆ."

ಆ ಕಾಲದಲ್ಲಿ ಕತ್ತೆಗಳು ಮಾತಾಡುತ್ತಿದ್ದವು. ಆದರೆ ಅಗತ್ಯವಿದ್ದರೆ ಮಾತ್ರ. ಬೂದ ಸುಮ್ಮನೆ ಕಿವಿ ಮಡಿಸಿಕೊಂಡ.

ಇದರ ಹಿಂದಿನ ಕಥೆ ಇಷ್ಟು. ಅರಮನೆಯಲ್ಲಿ ಎರಡು ಪಂಗಡಗಳಿದ್ದವು. ಒಂದು ಕೀಲಿನ ಪಂಗಡ, ಅದಕ್ಕೆ ವಿರೂಪಣ್ಣ ದೊಡ್ಡವನು. ಇನ್ನೊಂದು ಹುಲ್ಲಿನ ಪಂಗಡ, ಅದಕ್ಕೆ ಮಾದರಸ ದೊಡ್ಡವನು. ವರ್ಷಕ್ಕೊಮ್ಮೆ ಯುಗಾದಿಯ ದಿನ ಜನರೆಲ್ಲ ಅರಮನೆಯ ಅಂಗಳದಲ್ಲಿ ನಿಂತು ಕೂಗಬೇಕು. ಯಾರ ಹೆಸರಿನ ಕೂಗು ಜೋರೋ ಅವನೇ ಆ ವರ್ಷದ ದಾರಿಮಂತ್ರಿ.

ವಿರೂಪಣ್ಣನ ಬಾವಮೈದ ಕೀಲುಬಂಡಿ ಮಾಡುತ್ತಿದ್ದ. ಬೀಗದಂತೆ ಕೀಲಿ ತಿರುಗಿಸಿದರೆ ಸಾಕು, ಎತ್ತಿಲ್ಲದೆ, ಕುದುರೆಯಿಲ್ಲದೆ ಓಡುವ ಬಂಡಿ. ಅದಕ್ಕೆ ಹುಲ್ಲು ಬೇಡ. ಎತ್ತು ಕುದುರೆ ಮೇಯ್ದು ಬೋಳಾಗಿದ್ದ ಗುಡ್ಡ ಅದರಿಂದ ಮತ್ತೆ ಹಸಿರಾಗುತ್ತಿತ್ತು. ಇದು ಸುಳ್ಳಲ್ಲ. ಹಾಗಾಗಿ ಅರಸ ಸಂತೋಷಪಟ್ಟು, ಕೀಲುಬಂಡಿ ಕೊಂಡವರಿಗೆ ಅರ್ಧ ಬೆಲೆ ಬೊಕ್ಕಸದಿಂದ ಕೊಡಿಸಿದ. ಉಳಿದರ್ಧ ಕೊಡುವಷ್ಟು ದುಡ್ಡು ಇದ್ದವರು ಊರಲ್ಲಿ ನಲವತ್ತು ಮನೆಯವರು. ಅವರು ಕೊಂಡರು. ವಿರೂಪಣ್ಣನ ಮನೆಯೊಂದರಲ್ಲೇ ಏಳು ಬಂಡಿ ನಿಂತವು.

ಮೊದಲ ವರ್ಷ ವಿರೂಪಣ್ಣ ಮಂತ್ರಿಯಾದ. "ತಿನ್ನುವ ಬಾಯಿಗೆ ಸುಂಕ," ಅಂದ. ಕೀಲುಬಂಡಿಗೆ ಬಾಯಿಲ್ಲ, ಬೂದನಿಗಿದೆ. ಬೂದನ ಬಾಯಿಗೆ ಒಂದು ಬುಟ್ಟಿ.

ಎರಡನೆಯ ವರ್ಷ ಮಾದರಸ ಮಂತ್ರಿಯಾದ. ಅವನ ಹಟ್ಟಿಯಲ್ಲಿ ಇನ್ನೂರು ಎತ್ತು. "ಬಾಯಿ ಸುಂಕ ಅನ್ಯಾಯ," ಅಂದ. "ಕಾಲಿಗೆ ಸುಂಕ. ನೊಗಕ್ಕೆ ಕಟ್ಟಿದ ಜೋಡಿಗೆ ಮಾಫಿ." ಎತ್ತಿಗೆ ಜೋಡಿಯಿದೆ, ಬೂದ ಒಂಟಿ. ಬೂದನ ಕಾಲಿಗೆ ನಾಲ್ಕು ಬುಟ್ಟಿ.

ಮೂರನೆಯ ವರ್ಷ ಮತ್ತೆ ವಿರೂಪಣ್ಣ. "ಕಾಲಿನ ಸುಂಕ ಅನ್ಯಾಯ," ಅಂದ. "ದಾರಿ ಹೊಲಸು ಮಾಡುವುದು ಕಾಲಲ್ಲ, ಬಾಲದ ಬುಡ." ಆದರೆ ಹುಲ್ಲಿನವರ ಗಲಾಟೆಗೆ ಹೆದರಿ ಜೋಡಿ ಎತ್ತಿನ ಮಾಫಿಯನ್ನು ಹಾಗೇ ಬಿಟ್ಟ. ಬೂದನ ಬಾಲಕ್ಕೆ ಎಂಟು ಬುಟ್ಟಿ.

ಪಂಗಡ ಬದಲಾಯಿತು, ಕತ್ತೆಯ ಅಂಗ ಬದಲಾಯಿತು. ಹೊರುವ ತಲೆ ಮಾತ್ರ ದುಂಡವ್ವನದೇ.

ಏಕಾದಶಿಯ ದಿನ ದುಂಡವ್ವ ಗುಡ್ಡಕ್ಕೆ ಹೋದಳು. ಸಂಜೆಯವರೆಗೆ ಎರಡು ಬುಟ್ಟಿ ಒಡೆದು ದಾರಿಗೆ ಹಾಕಿದ್ದಾಯಿತು. ಅಂಗೈಯಲ್ಲಿ ಬೊಬ್ಬೆ ಬಂತು, ಮಣ್ಣು ಮುಟ್ಟಲಾಗಲಿಲ್ಲ. ದ್ವಾದಶಿಯ ದಿನ ಸಂತೆ. ಇದ್ದ ಗಡಿಗೆಗಳನ್ನು ಬೂದನ ಮೇಲೆ ಹೇರಿಕೊಂಡು ಹೊರಟಳು. ಊರಬಾಗಿಲ ಹತ್ತಿರ ದಾರಿಯಲ್ಲಿ ಆಳದ ಕೊರಕಲು. ಬೂದನ ಮುಂಗಾಲು ಅದರಲ್ಲಿ ಬಿತ್ತು. ಹದಿನಾಲ್ಕು ಗಡಿಗೆಯಲ್ಲಿ ಹನ್ನೊಂದು ಒಡೆದವು.

ದುಂಡವ್ವ ಬಯ್ಯಲಿಲ್ಲ, ಅಳಲೂ ಇಲ್ಲ. ಬೂದನ ಕಾಲು ಸವರಿ ನೋಡಿದಳು. ಮೂಳೆ ಮುರಿದಿರಲಿಲ್ಲ.

ಆಗ ಬೂದ ಮಾತಾಡಿದ. "ಅವ್ವಾ, ಒಂದು ಕೇಳಲಾ?"

"ಕೇಳಪ್ಪ."

"ಈ ಕೊರಕಲು ನನ್ನ ಬಾಲದಿಂದ ಆದದ್ದಾ?"

ದುಂಡವ್ವ ಕೊರಕಲಿಗೆ ಕೈ ಇಳಿಸಿದಳು. ಮೊಣಕೈವರೆಗೂ ಹೋಯಿತು. ಅಗಲ ಬಂಡಿ ಚಕ್ರದ ಪಟ್ಟಿಯಷ್ಟೇ, ಅಂಚು ನುಣ್ಣಗೆ ಕೊಯ್ದ ಹಾಗಿತ್ತು. ಮಣ್ಣಿನ ಮೇಲೆ ಯಾವ ಭಾರ ಕೂತರೆ ಯಾವ ಗುರುತು ಬೀಳುತ್ತದೆ ಅಂತ ಕುಂಬಾರಿತಿಗೆ ಹೇಳಿಕೊಡಬೇಕೆ? ಅವಳು ಎದ್ದು ಸೆರಗು ಕೊಡವಿದಳು.

"ನಡಿ," ಅಂದಳು. "ಸಂತೆಗಲ್ಲ, ಅರಮನೆಗೆ."

ಅರಸ ಒಳ್ಳೆಯವನೇ. ಆದರೆ ಕೊನೆಗೆ ಮಾತಾಡಿದವರ ಮಾತೇ ಅವನಿಗೆ ಸರಿ ಅನಿಸುತ್ತಿತ್ತು. ಒಂದು ಪಕ್ಕ ವಿರೂಪಣ್ಣ, ಇನ್ನೊಂದು ಪಕ್ಕ ಮಾದರಸ ಕೂತಿದ್ದರು.

"ಏನು ದುಂಡವ್ವ, ಸುಂಕ ಮಾಫಿ ಮಾಡಿ ಅಂತ ಬಂದೆಯಾ?" ಅಂತ ಕೇಳಿದ ವಿರೂಪಣ್ಣ. "ಕತ್ತೆಗೆ ಮಾಫಿ ಮಾಡಿದರೆ ನಾಳೆ ಕೋಳಿಯೂ ಬಂದು ನಿಲ್ಲುತ್ತೆ."

"ಮಾಫಿ ಬೇಡ ಧಣಿ," ಅಂದಳು ದುಂಡವ್ವ. "ನನ್ನ ಕತ್ತೆ ಹಾಳು ಮಾಡಿದ್ದನ್ನು ನಾನು ಪೂರ್ತಿ ತುಂಬಿಕೊಡ್ತೀನಿ. ಎಂಟು ಬುಟ್ಟಿ ಸಾಲದಿದ್ದರೆ ಹದಿನಾರು. ಎಷ್ಟು ಹಾಳು ಮಾಡಿದೆ ಅಂತ ಒಮ್ಮೆ ತೋರಿಸಿಕೊಟ್ಟರೆ ಸಾಕು."

ವಿರೂಪಣ್ಣನಿಗೆ ಖುಷಿಯಾಯಿತು. ಬೀದಿ ತುಂಬ ಬಿದ್ದಿರುವ ಸಗಣಿ ಲದ್ದಿಯೇ ಅವನ ಕಣ್ಣಿಗೆ ಕಟ್ಟಿತು. ತನ್ನ ಬಂಡಿಯಿಂದ ಒಂದು ಕಡ್ಡಿಯೂ ಬೀಳುವುದಿಲ್ಲ ಅಂತ ಅವನು ಎಷ್ಟು ಸಲ ಹೇಳಿದ್ದನೆಂದರೆ, ದಾರಿಗೆ ತನ್ನಿಂದ ಏನೂ ಆಗುವುದಿಲ್ಲ ಅಂತಲೇ ನಂಬಿಬಿಟ್ಟಿದ್ದ.

"ನೋಡಿ ದೊರೆ, ಬಡವಳಾದರೂ ನ್ಯಾಯ ಬಲ್ಲಳು!" ಅಂದ. "ಯಾರು ಹಾಳು ಮಾಡಿದರೋ ಅವರೇ ತುಂಬಲಿ. ಬಾಯಿ ಬೇಡ, ಕಾಲು ಬೇಡ, ಬಾಲವೂ ಬೇಡ. ಇದೊಂದೇ ಕಟ್ಟಳೆ ಸಾಕು. ನನ್ನ ಬಂಡಿ ಹೂವಿನ ಮೇಲೆ ಹೋದ ಹಾಗೆ ಹೋಗುತ್ತೆ, ಹೆದರಿಕೆ ಯಾರಿಗೆ?"

"ನನ್ನ ಎತ್ತಿಗೂ ಹೆದರಿಕೆಯಿಲ್ಲ," ಅಂದ ಮಾದರಸ, ತಾನು ಹಿಂದೆ ಬೀಳಬಾರದೆಂದು.

"ಹಾಗೇ ಆಗಲಿ," ಅಂದ ಅರಸ. "ಡಂಗುರ ಹೊಡೆಸಿ."

ಡಂಗುರ ಒಮ್ಮೆ ಬಡಿದ ಮೇಲೆ ತಿರುಗಿ ಮಾತಿಲ್ಲ.

ಚತುರ್ದಶಿಯ ಬೆಳಿಗ್ಗೆ ಊರಬಾಗಿಲ ಮುಂದೆ ನೂರು ಹೆಜ್ಜೆ ದಾರಿಗೆ ಗರಸು ಮಣ್ಣು ಹರಡಿ, ನೀರು ಚಿಮುಕಿಸಿ, ದಿಮ್ಮಿ ಉರುಳಿಸಿ ಸಮ ಮಾಡಿದರು. ಊರಿಗೆ ಊರೇ ಬಂದು ನಿಂತಿತು. ಒಬ್ಬೊಬ್ಬರು ಹೋದ ಮೇಲೆ ಬಿದ್ದ ಗುರುತನ್ನು ಜಲ್ಲಿಯಿಂದ ತುಂಬಿ ಅಳೆಯಬೇಕು. ಆಮೇಲೆ ದಾರಿಯನ್ನು ಮತ್ತೆ ಸಮ ಮಾಡಿ ಇನ್ನೊಬ್ಬರನ್ನು ಬಿಡಬೇಕು. ಬುಟ್ಟಿ ಒಂದೇ, ಅರಮನೆಯದು.

ಮೊದಲು ಬೂದ ಹೊರಟ. ಹದಿನಾಲ್ಕು ಗಡಿಗೆಯ ಭಾರಕ್ಕೆ ಸಮನಾಗಿ ಅವನ ಮೇಲೆ ಕಲ್ಲು ಹೇರಿದ್ದರು. ನಡುದಾರಿಗೆ ಬಂದವನೇ ನಿಂತು, ಬಾಲ ಎತ್ತಿ, ಲದ್ದಿ ಹಾಕಿದ.

ಜನ ಗೊಳ್ಳೆಂದು ನಕ್ಕರು. ವಿರೂಪಣ್ಣ ಚಪ್ಪಾಳೆ ತಟ್ಟಿದ. "ಬರೆದುಕೊಳ್ಳಿ, ಬರೆದುಕೊಳ್ಳಿ!"

ದುಂಡವ್ವ ಹೋಗಿ ಲದ್ದಿಯನ್ನು ಎರಡೂ ಕೈಯಲ್ಲಿ ಬಾಚಿ ಮಡಿಲಿನ ಗೋಣಿಗೆ ಹಾಕಿಕೊಂಡಳು. "ಇದನ್ನು ಮಣ್ಣಿಗೆ ಕಲಸಿದರೆ ಗಡಿಗೆ ಬಿರಿಯೋದಿಲ್ಲ ಧಣಿ. ಬೇರೆಯವರ ಲದ್ದಿಯನ್ನೂ ನಾನೇ ಬಳಿದುಕೊಂಡು ಹೋಗ್ತೀನಿ. ನಿಮಗೆ ಹೊಲಸು, ನನಗೆ ಮಾಲು."

ಬೂದನ ಗೊರಸಿನ ಗುರುತು ತುಂಬಲು ಬುಟ್ಟಿಯೇ ಬೇಕಾಗಲಿಲ್ಲ. ಒಂದು ಬೊಗಸೆ ಜಲ್ಲಿ ಸಾಕಾಯಿತು.

ಆಮೇಲೆ ಮಾದರಸನ ಜೋಡೆತ್ತಿನ ಗಾಡಿ ಹೋಯಿತು. ಕಬ್ಬಿಣದ ಪಟ್ಟಿ ಬಡಿದ ಚಕ್ರ. ಒಂಬತ್ತು ಬುಟ್ಟಿ ಹಿಡಿಯಿತು. ಮಾದರಸ ಮೀಸೆ ತಡವಿಕೊಂಡು ಬೇರೆ ಕಡೆ ನೋಡಿದ.

ಆಮೇಲೆ ಕೀಲುಬಂಡಿ. ಒಳಗೆ ಆಳೆತ್ತರದ ಉಕ್ಕಿನ ಸುರುಳಿ, ಮೇಲೆ ವಿರೂಪಣ್ಣ. ಸದ್ದಿಲ್ಲದೆ, ಹೊಗೆಯಿಲ್ಲದೆ, ಚೆಂದವಾಗಿ ಹೋಯಿತು. ಇಳಿದು ಹಿಂದೆ ತಿರುಗಿ ನೋಡಿದರೆ ದಾರಿಯುದ್ದಕ್ಕೂ ಎರಡು ಕಾಲುವೆ. ತುಂಬಿದರು, ತುಂಬಿದರು. ಹತ್ತಾಯಿತು, ಇಪ್ಪತ್ತಾಯಿತು, ಮೂವತ್ತೊಂದಕ್ಕೆ ನಿಂತಿತು.

"ಮಣ್ಣು ಒದ್ದೆ ಮಾಡಿದ್ದಾರೆ!" ಅಂತ ಕೂಗಿದ ವಿರೂಪಣ್ಣ.

"ಎಲ್ಲರಿಗೂ ಅದೇ ಮಣ್ಣು, ಅದೇ ನೀರು," ಅಂದಳು ದುಂಡವ್ವ.

"ನನ್ನ ಬಂಡಿಯಿಂದ ಗುಡ್ಡ ಹಸಿರಾಯಿತು. ಅದು ಲೆಕ್ಕಕ್ಕಿಲ್ಲವಾ?"

"ಇದೆ ಧಣಿ. ಅದಕ್ಕೆ ಕೈ ಮುಗೀತೀನಿ. ಆದರೆ ಗುಡ್ಡಕ್ಕೆ ಮಾಡಿದ ಉಪಕಾರಕ್ಕೆ ದಾರಿ ಯಾಕೆ ಸವೀಬೇಕು? ಸವೆದ ದಾರಿಗೆ ನಾನು ಯಾಕೆ ಕಲ್ಲು ಹೊರಬೇಕು?"

ಆಗ ಬೂದ ಇನ್ನೊಮ್ಮೆ ಬಾಯಿಬಿಟ್ಟ.

"ಅವ್ವಾ, ಆನೆ?"

ದುಂಡವ್ವ ಅವನ ಬಾಯಿ ಮುಚ್ಚಿದಳು. ಆನೆ ಅರಸನದು. ಅದಕ್ಕೆ ಯಾವ ಕಾಲದಲ್ಲೂ ಸುಂಕವಿರಲಿಲ್ಲ. ಎಲ್ಲರೂ ನೆಲ ನೋಡಿದರು. ಅರಸ ಮಾತ್ರ ಕತ್ತೆಯನ್ನು ನೋಡಿ ನಕ್ಕುಬಿಟ್ಟ.

"ಕತ್ತೆ ಹೇಳಿದ್ದು ಸರಿ. ಆನೆ ತರಿಸಿ."

ಆನೆಯ ಪಾದ ಅಗಲ. ಐದು ಬುಟ್ಟಿಗೆ ಮುಗಿಯಿತು.

ಅರಸ ಅಲ್ಲೇ ನಿಂತು, ಆ ಸಲ ಯಾರ ಮಾತನ್ನೂ ಕೇಳದೆ, ತೀರ್ಪು ಕೊಟ್ಟ. ಯಾವುದಕ್ಕೆ ಎಷ್ಟು ಹಿಡಿಯಿತೋ ತಿಂಗಳಿಗೆ ಅಷ್ಟೇ ಅದರ ಸುಂಕ. ಆಳಿನ ಕೈಲಿ ಹೊರಿಸುವ ಹಾಗಿಲ್ಲ. ಕೀಲುಬಂಡಿ ಒಳ್ಳೆಯದು, ಅದು ಇರಲಿ, ಇನ್ನೂ ಹಗುರ ಮಾಡಿದವರಿಗೆ ಬಹುಮಾನ. ಆದರೆ ಬೊಕ್ಕಸದ ಅರ್ಧ ಬೆಲೆ ಇನ್ನು ಮೇಲೆ ಉಳ್ಳವರ ಮನೆಯ ಎರಡನೆಯ ಬಂಡಿಗೆ ಇಲ್ಲ. ಆ ಹಣದಲ್ಲಿ ನಲವತ್ತು ಜನ ಕೂರುವ ದೊಡ್ಡ ಕೀಲುಬಂಡಿಗಳನ್ನು ಮಾಡಿಸಿ ಸಂತೆಗೆ, ಗುಡ್ಡಕ್ಕೆ, ನದಿಗೆ ದಿನವೂ ಓಡಿಸಬೇಕು. ಸೊಪ್ಪಿನವರು, ಮೀನಿನವರು, ಬಸುರಿ ಬಾಣಂತಿಯರು, ಯಾರು ಬೇಕಾದರೂ ಹತ್ತಬಹುದು.

"ದೊಡ್ಡ ಬಂಡಿಗೆ ನಲವತ್ತು ಬುಟ್ಟಿ ಬೀಳುತ್ತಲ್ಲ ದೊರೆ?" ಅಂದ ವಿರೂಪಣ್ಣ, ಕೊನೆಯ ಆಸೆಯಿಂದ.

"ನಲವತ್ತು ತಲೆಗೆ ಹಂಚಿದರೆ ಒಂದೊಂದು ಬುಟ್ಟಿ," ಅಂದಳು ದುಂಡವ್ವ. "ಹೊರೋದು ಕಷ್ಟವಲ್ಲ ಧಣಿ. ಇನ್ನೊಬ್ಬರದನ್ನು ಹೊರೋದು ಕಷ್ಟ."

ನೆರೆದವರಲ್ಲಿ ಒಬ್ಬ ಮುದುಕಿ, "ಯುಗಾದಿಗೆ ನಾವು ಗಂಟಲು ಹರಿಯೋ ಹಾಗೆ ಹೆಸರು ಕೂಗ್ತಿದ್ದೆವು, ಕಟ್ಟಳೆ ಏನು ಅಂತ ಒಬ್ಬರೂ ಕೇಳಲಿಲ್ಲ," ಅಂದಳಂತೆ. ಮುಂದಿನ ಯುಗಾದಿಯಿಂದ ಮೊದಲು ಕಟ್ಟಳೆ ಓದಿಸಿ ಆಮೇಲೆ ಕೂಗುವ ರೂಢಿ ಬಂತು.

ಮಕ್ಕಳೇ, ಇದರ ನೀತಿ ಇಷ್ಟೇ. ದಾರಿಯನ್ನು ಯಾರು ಎಷ್ಟು ಸವೆಸುತ್ತಾರೋ ಅವರು ಅಷ್ಟು ತುಂಬಬೇಕು. ಹೊಸದಕ್ಕೆ ಕೊಡುವ ನೆರವು ಕೊಳ್ಳಲಾಗದವರನ್ನು ಮೊದಲು ಮುಟ್ಟಬೇಕು. ಆಳುವವರು ಬದಲಾದಾಗಲೆಲ್ಲ ಹೊರೆ ಅದೇ ಬೆನ್ನಿನ ಮೇಲೆ ಉಳಿದರೆ, ತಪ್ಪು ಬೆನ್ನಿನದಲ್ಲ, ಕಟ್ಟಳೆಯದು.

ಕೊನೆಗೆ ಯಾರು ಎಷ್ಟು ಕೊಟ್ಟರು ಅಂತ ಕೇಳುತ್ತೀರಿ. ಹೊಸ ಲೆಕ್ಕ ಶುರುವಾದ ಹುಣ್ಣಿಮೆಯ ದಿನ ಮೊದಲು ಬಂದದ್ದು ಅರಸ, ಅವನ ತಲೆಯ ಮೇಲೆ ಐದು ಸಲ ಬುಟ್ಟಿ ಕೂತಿತು. ಮಾದರಸ ತನ್ನ ಗಾಡಿಗಳ ಪಾಲಿನ ಜಲ್ಲಿಯನ್ನೆಲ್ಲ ಹೊತ್ತು ಹೊತ್ತು ಸಾಕಾಗಿ ಅರ್ಧ ಗಾಡಿಗಳನ್ನು ಮಾರಿದ. ವಿರೂಪಣ್ಣ ಏಳು ಬಂಡಿಗೆ ಇನ್ನೂರ ಹದಿನೇಳು ಬುಟ್ಟಿಯನ್ನು ಇಪ್ಪತ್ತೆರಡು ದಿನ ಹೊತ್ತು ಹಾಕಿದ, ಮುಂದಿನ ತಿಂಗಳಿಗೆ ಅವನ ಮನೆಯಲ್ಲಿ ಉಳಿದದ್ದು ಒಂದೇ ಬಂಡಿ. ದುಂಡವ್ವ ಆಗಲೇ ಎರಡು ಬುಟ್ಟಿ ಹಾಕಿದ್ದಳಲ್ಲ, ಅದನ್ನು ವಾಪಸು ಕೊಡಲು ಅರಮನೆಯವರು ಬಂದರೆ ಬೇಡವೆಂದಳು. ಅವಳ ಬೊಗಸೆ ಜಲ್ಲಿಯ ಲೆಕ್ಕದಲ್ಲಿ ಅಷ್ಟು ಕಲ್ಲಿಗೆ ಬೂದನ ಸುಂಕ ಮೂರು ವರ್ಷಕ್ಕೆ ಮುಂಗಡವಾಗಿ ಸಂದಾಯವಾಗಿತ್ತು.