ಒಂದೇ ಕಾಲಿಗೆ ನೀರು

ಮಹಾತ್ಮರ ಕಥೆ ಹೇಳುವವರು ಮೊದಲು ಅವರ ಮಠವನ್ನೂ ಪೀಠವನ್ನೂ ವರ್ಣಿಸುತ್ತಾರೆ. ಮಾತೋಶ್ರೀ ನಿಂಬೆವ್ವ ತಾಯಿಯವರ ವಿಷಯದಲ್ಲಿ ನಮಗೆ ಆ ಅನುಕೂಲವಿಲ್ಲ. ಗೋಕಾಕದ ಸೀಮೆಯಲ್ಲಿ ಘಟಪ್ರಭೆಯ ಹೊಳೆಗೆ ಇಳಿಯುವ ಹಳೆಯ ಗಾಡಿದಾರಿ. ಅದರ ಮಗ್ಗುಲಲ್ಲಿ, ಯಾವುದೋ ಕಾಲದಲ್ಲಿ ಸುಂಕ ವಸೂಲಿಗೆಂದು ಕಟ್ಟಿ ಬಿಟ್ಟುಹೋದ ಒಂದು ಕೋಣೆ. ಮುಂದೆ ಬೇವಿನ ಮರ, ಒಂದು ಹಾಸುಗಲ್ಲು, ನೀರು ತುಂಬಿದ ನಾಲ್ಕು ಹರವಿಗಳು. ಇಷ್ಟೇ ಅವರ ಮಠ. ಅಲ್ಲಿ ತಾಯಿಯವರು ಅರವಟ್ಟಿಗೆ ನಡೆಸುತ್ತಿದ್ದರು. ದಾರಿಹೋಕರು ಯಾರೇ ಬರಲಿ, ಜಾತಿ ಕೇಳದೆ, ಹೆಸರು ಕೇಳದೆ, ಮೊದಲು ಹಾಸುಗಲ್ಲಿನ ಮೇಲೆ ನಿಲ್ಲಿಸಿ ಕಾಲಿಗೆ ನೀರು ಹಾಕುವರು. ಆಮೇಲೆ ಬೊಗಸೆಗೆ ಕುಡಿಯುವ ನೀರು. ಉಪದೇಶವೆಂಬುದೇ ಇರಲಿಲ್ಲ. ಉಪದೇಶ ಕೇಳಬೇಕೆಂದೇ ದೂರದಿಂದ ನಡೆದುಬಂದ ಭಕ್ತರು ಕಾಲು ತೊಳೆದು, ಹೊಟ್ಟೆ ತುಂಬ ನೀರು ಕುಡಿದು, ಪೆಚ್ಚುಮೋರೆ ಹಾಕಿಕೊಂಡು ಹಿಂದಿರುಗಿದ್ದುಂಟು. ಮುಂದಿನ ಊರು ದಾಟುವ ಹೊತ್ತಿಗೆ ಅವರಿಗೆ ತಮ್ಮ ಮನಸ್ಸು ಹಗುರಾಗಿರುವುದು ಗೊತ್ತಾಗುತ್ತಿತ್ತಂತೆ.

ಆ ದಾರಿಯಲ್ಲಿ ಒಂದು ಬೇಸಿಗೆಯ ಮಧ್ಯಾಹ್ನ ಅಡಿವೆಪ್ಪನೆಂಬ ಮಾಜಿ ಸಿಪಾಯಿ ತನ್ನ ಮಗಳು ತಂಗೆವ್ವನನ್ನು ಕರೆದುಕೊಂಡು ಬಂದ. ಕರೆದುಕೊಂಡು ಬಂದ ಎನ್ನುವುದೂ ಪೂರ್ತಿ ನಿಜವಲ್ಲ. ದಾರಿಯುದ್ದಕ್ಕೂ ಹುಡುಗಿ ತಂದೆಯ ಕೈ ಹಿಡಿದಿರಲಿಲ್ಲ. ಇಬ್ಬರ ನಡುವೆ ಒಬ್ಬ ಆಳು ನಡೆಯುವಷ್ಟು ಜಾಗ ಬಿಟ್ಟು, ಆ ಖಾಲಿ ಜಾಗದ ಕಡೆ ಆಗಾಗ ಓರೆಗಣ್ಣಲ್ಲಿ ನೋಡುತ್ತ, ದಾರಿಯ ಅಂಚಿನ ಮುಳ್ಳಿನಲ್ಲೇ ನಡೆದು ಬಂದಿದ್ದಳು.

ಅಡಿವೆಪ್ಪ ಎರಡನೆಯ ಮಹಾಯುದ್ಧದಲ್ಲಿ ಬ್ರಹ್ಮದೇಶದ ಕಾಡುಗಳಲ್ಲಿ ಕಾದಾಡಿ, ಮೈಮೇಲೆ ಒಂದು ಗಾಯವೂ ಇಲ್ಲದೆ ಮರಳಿದವನು. ತೊಟ್ಟಿಲಲ್ಲಿ ಬಿಟ್ಟುಹೋದ ಮಗಳು ಅವನು ಬರುವಾಗ ಅಂಗಳದಲ್ಲಿ ಆಡುತ್ತಿದ್ದಳು. ಊರವರು ಹಾರ ಹಾಕಿದರು. ಯುದ್ಧದ ಸುದ್ದಿ ಹೇಳಪ್ಪಾ ಎಂದು ಕಟ್ಟೆಯ ಮೇಲೆ ಕೂರಿಸಿಕೊಂಡರೆ, "ಏನೈತಿ ಅದರಾಗ, ಬರೇ ಮಳಿ" ಎಂದು ಎದ್ದುಹೋಗುತ್ತಿದ್ದ. ಅಡಿಗೆಮನೆಯಲ್ಲಿ ಪಾತ್ರೆ ಬಿದ್ದರೆ ಅವನು ಗೋಡೆಗೆ ಅಂಟಿ ನಿಂತಿರುವನು. ಹೆಂಡತಿ ಬಾಳವ್ವ ಜಾಣೆ, ಕಂಡರೂ ಕಾಣದವಳಂತೆ ಪಾತ್ರೆ ಎತ್ತಿಡುವಳು. ಆದರೆ ಒಂದು ಸಂಗತಿಯನ್ನು ಅವನು ಅವಳಿಗೂ ಹೇಳಿರಲಿಲ್ಲ. ಬ್ರಹ್ಮದೇಶದಿಂದ ಹಡಗು ಹತ್ತಿದಾಗಿನಿಂದ, ತಾನು ನಡೆದರೆ ಬೆನ್ನ ಹಿಂದೆ ಯಾರೋ ನಡೆದು ಬರುವ ಸಪ್ಪಳ ಅವನಿಗೆ ಕೇಳುತ್ತಿತ್ತು. ಒಂದು ಬೂಟಿನ ಹೆಜ್ಜೆ, ಒಂದು ಬರಿಗಾಲಿನ ಹೆಜ್ಜೆ. ತಿರುಗಿ ನೋಡಿದರೆ ಯಾರೂ ಇಲ್ಲ. ತಾನು ನಿಂತರೆ ಅದೂ ನಿಲ್ಲುವುದು.

ಒಂದು ದಿನ ಉಣ್ಣುವಾಗ ತಂಗೆವ್ವ ತಾಯಿಗೆ ಸಹಜವಾಗಿ ಹೇಳಿದಳು: "ಯವ್ವಾ, ಅಪ್ಪನ ಹಿಂದ ಬರೂ ಕಾಕಾಗ ಒಂದ ಕಾಲಾಗ ಬೂಟ ಇಲ್ಲ."

ಬಾಳವ್ವ ನಕ್ಕಳು. ಅಡಿವೆಪ್ಪನ ಕೈಯಲ್ಲಿದ್ದ ರೊಟ್ಟಿಯ ತುತ್ತು ಅಲ್ಲೇ ನಿಂತಿತು. ಮರುಕ್ಷಣ ಅವನು ಎದ್ದುನಿಂತು, ಆ ಮನೆಯಲ್ಲಿ ಯಾರೂ ಕೇಳಿರದ ದನಿಯಲ್ಲಿ ಗರ್ಜಿಸಿದ: "ಇನ್ನೊಮ್ಮೆ ಆ ಮಾತ ಬಾಯಾಗ ಬಂತಂದರ ನೋಡು!"

ಬರಲಿಲ್ಲ. ಆ ಮಾತಷ್ಟೇ ಅಲ್ಲ, ಯಾವ ಮಾತೂ ಬರಲಿಲ್ಲ. ಆ ದಿನದಿಂದ ಹುಡುಗಿಯ ಬಾಯಿಗೆ ಬೀಗ ಬಿತ್ತು. ಊಟಕ್ಕೆ ಕೂತರೆ ತನ್ನ ನೀರಿನ ಲೋಟವನ್ನು ಖಾಲಿ ಜಾಗದತ್ತ ಮೆಲ್ಲಗೆ ಸರಿಸುವಳು, ತಾನು ಒಂದೆರಡು ತುತ್ತಿಗೇ ಕೈ ತೊಳೆಯುವಳು. ಕೂಸು ಸೊರಗಿ ಕಡ್ಡಿಯಾಯಿತು. ಡಾಕ್ಟರರು ಟಾನಿಕ್ ಬರೆದರು. ಮಂತ್ರವಾದಿ ತಾಯಿತ ಕಟ್ಟಿ ಕೋಳಿ ಒಯ್ದ. ಕೊನೆಗೆ ಡಾಕ್ಟರರೇ, ಹೀಗೇ ಅನ್ನ ಬಿಟ್ಟರೆ ಮಗು ಮಳೆಗಾಲ ಕಾಣುವುದು ಕಷ್ಟ ಎಂದು ಕೈಚೆಲ್ಲಿದರು.

ಆಗ ಬಾಳವ್ವ ನಿಂಬೆವ್ವ ತಾಯಿಯವರ ಹೆಸರೆತ್ತಿದಳು. ಅಡಿವೆಪ್ಪ ಮೂಗು ಮುರಿದ. ಪಲ್ಟಣದಲ್ಲಿದ್ದು ಬಂದವನಿಗೆ ಸಾಧು ಸಂತರೆಂದರೆ ಹೊಟ್ಟೆಪಾಡಿನವರೆಂದೇ ಲೆಕ್ಕ. "ನೀವು ನಂಬಬ್ಯಾಡ್ರಿ," ಎಂದಳು ಬಾಳವ್ವ, "ಕೂಸಿನ್ನಷ್ಟ ಕರಕೊಂಡ ಹೋಗ್ರಿ." ಮರುದಿನ ನಸುಕಿನಲ್ಲೇ ಅವನು ಹೊರಟುನಿಂತ.

ಹೀಗೆ ಬಂದಿದ್ದರು ಅಪ್ಪ ಮಗಳು. ಬಿಸಿಲು ನೆತ್ತಿ ಸುಡುತ್ತಿತ್ತು. ಬೇವಿನ ಮರದ ತುಂಬ ಗಿಳಿಗಳು ಕಚಪಚ ಎನ್ನುತ್ತಿದ್ದವು. ಇವರು ನೆರಳಿಗೆ ಕಾಲಿಟ್ಟೊಡನೆ ಎಲ್ಲವೂ ಒಮ್ಮೆಲೇ ಸುಮ್ಮನಾದವು. ಒಂದೂ ಹಾರಿಹೋಗಲಿಲ್ಲ. ಕೊಂಬೆಗಳ ಮೇಲೆ ಕೂತೇ ಕೆಳಗೆ ನೋಡತೊಡಗಿದವು.

ತಾಯಿಯವರು ಕೋಣೆಯಿಂದ ಹೊರಬಂದರು. ಮಾಸಿದ ಇಳಕಲ್ಲ ಸೀರೆ, ಹಣೆಯ ಮೇಲೆ ವಿಭೂತಿ, ಒಣಗಿದ ಕೈಗಳು. ತಂಗೆವ್ವನನ್ನು ಹಾಸುಗಲ್ಲಿನ ಮೇಲೆ ನಿಲ್ಲಿಸಿ, ಮುಳ್ಳು ತರಚಿದ ಆ ಪುಟ್ಟ ಪಾದಗಳ ಮೇಲೆ ನೀರು ಹಾಕಿದರು. ಆಮೇಲೆ ಅಡಿವೆಪ್ಪನಿಗೆ. ಅವನು ಕಲ್ಲಿನಿಂದ ಇಳಿದು ಧೋತರದ ಅಂಚಿನಿಂದ ಕಾಲು ಒರೆಸಿಕೊಂಡ. ತಾಯಿಯವರು ತಂಬಿಗೆ ಕೆಳಗಿಡಲಿಲ್ಲ. ಮತ್ತೆ ತುಂಬಿಕೊಂಡು ಬಂದು, ಬರಿದಾದ ಹಾಸುಗಲ್ಲಿನ ಮುಂದೆ, ದಣಿದ ಹಿರಿಯರು ಮೆಲ್ಲಗೆ ಹತ್ತಲಿ ಎಂದು ಕಾಯುವವರಂತೆ ನಿಂತರು. ಸ್ವಲ್ಪ ಹೊತ್ತಾದ ಮೇಲೆ ಬಗ್ಗಿ, ಕಲ್ಲಿನ ಬಲಬದಿಗೆ ಮಾತ್ರ ನಿಧಾನವಾಗಿ ನೀರು ಸುರಿದರು.

ಅಡಿವೆಪ್ಪನಿಗೆ ನಗು ಬಂತು. "ಯವ್ವಾ, ನಾವು ಬಂದಾವರು ಇಬ್ಬರ."

"ಇನ್ನೊಂದ ಕಾಲಾಗ ಬೂಟ ಐತಿ, ತಮ್ಮಾ," ಎಂದರು ತಾಯಿಯವರು. "ಅದಕ್ಕ ಒಂದ ಕಾಲಿಗೆ ಹಾಕಿದೆ."

ಪೇಟೆಯಲ್ಲಿ ಉಪ್ಪು ಮುಗಿದಿದೆ ಎಂದಷ್ಟೇ ಸಹಜವಾಗಿತ್ತು ಆ ದನಿ. ಅಡಿವೆಪ್ಪನ ನಗು ಆರಿಹೋಯಿತು. ಅವನು ಕಲ್ಲಿನತ್ತ ನೋಡಿದ. ಆ ಸೀಮೆಯ ಮಣ್ಣು ಕಪ್ಪು. ಆದರೆ ತೊಳೆದಿಟ್ಟ ಹಾಸುಗಲ್ಲಿನಿಂದ ಇಳಿದು ಬರುತ್ತಿದ್ದ ನೀರು ಕೆಂಪು ಕೆಸರಾಗಿತ್ತು. ಆ ಉರಿಬಿಸಿಲಿನಲ್ಲಿ ಮಳೆಗೆ ಕೊಳೆತ ಎಲೆಯ ವಾಸನೆ ಬಂತು. ಆ ವಾಸನೆ ಯಾವ ಕಾಡಿನದೆಂದು ಯಾರೂ ಅವನಿಗೆ ಹೇಳಬೇಕಾಗಿರಲಿಲ್ಲ.

ತಾಯಿಯವರು ಕುಡಿಯುವ ಹರವಿಯಿಂದ ತಂಬಿಗೆ ತುಂಬಿ ಅವನ ಮುಂದೆ ಹಿಡಿದರು. "ಕುಡಿಯಾಕ ನೀ ಕೊಡು."

"ಯಾರಿಗೆ? ಇಲ್ಲೆ ಯಾರೂ ಇಲ್ಲ," ಎಂದ ಅಡಿವೆಪ್ಪ. ದನಿ ಏರಿತು. "ನೀವ ಕೊಡ್ರಿ, ನಿಮಗ ಕಾಣತಿದ್ದರ."

"ನೀರು ಕೇಳಿದ್ದು ನಿನ್ನ. ನನ್ನ ಅಲ್ಲ."

ಭೂಮಿಯ ಮೇಲೆ ಆ ಸಂಗತಿ ತಿಳಿದವನು ತಾನೊಬ್ಬನೇ ಎಂದು ಅಡಿವೆಪ್ಪ ನಂಬಿದ್ದ. ಹಿಂದೆ ಹಿಂದೆ ಸರಿದ. ಓಡಿಬಿಡಬೇಕೆನಿಸಿತು. ತಾಯಿಯವರು ಚಾಚಿದ ಕೈಯನ್ನು ಇಳಿಸಲಿಲ್ಲ. ಅಷ್ಟು ಕೃಶವಾದ ತೋಳಿನಲ್ಲಿ ತುಂಬಿದ ತಂಬಿಗೆ ಒಂದಿಷ್ಟೂ ಅಲುಗಲಿಲ್ಲ. ಆಗ ಅವನ ಬೆನ್ನ ಹಿಂದಿನಿಂದ ಒಂದು ಸಣ್ಣ ದನಿ ಬಂತು. ಅದು ತಂಗೆವ್ವನ ದನಿ. ಎಷ್ಟೋ ತಿಂಗಳ ಮೇಲೆ ಹೊರಟ ಆ ಮಾತು ಒಡೆದೊಡೆದು ಬಂತು.

"ಅಪ್ಪಾ, ಕಾಕಾ ಬೊಗಸಿ ಒಡ್ಡ್ಯಾನ."

ಮಗಳ ದನಿ ಕೇಳಿದ ಮೇಲೆ ಅವನಲ್ಲಿ ಹಟ ಉಳಿಯಲಿಲ್ಲ. ತಂಬಿಗೆ ತೆಗೆದುಕೊಂಡು, ಹುಡುಗಿ ಬೆರಳು ತೋರಿದ ಕಡೆಗೆ ಬಗ್ಗಿಸಿದ. ನೀರು ಧಾರೆಯಾಗಿ ಇಳಿಯಿತು. ಆದರೆ ಬಿದ್ದ ಸಪ್ಪಳವಿಲ್ಲ. ಕಲ್ಲು ಒದ್ದೆಯಾಗಲಿಲ್ಲ. ತಂಬಿಗೆ ಬರಿದಾಯಿತು. ತಾಯಿಯವರು ತುಂಬಿಕೊಟ್ಟರು; ಅದೂ ಹಾಗೆಯೇ ಬರಿದಾಯಿತು. ಮತ್ತೊಮ್ಮೆ ಕೊಟ್ಟರು. ಅದರಲ್ಲಿ ಅರ್ಧ ಇಳಿಯುವಷ್ಟರಲ್ಲಿ ಇದ್ದಕ್ಕಿದ್ದಂತೆ ನೀರು ಕಲ್ಲಿಗೆ ಬಡಿದು ಸಿಡಿಯಿತು, ಎಲ್ಲ ನೀರಿನ ಹಾಗೆ. ಮರದಲ್ಲಿ ಒಂದು ಗಿಳಿ ಕೂಗಿತು. ಆಮೇಲೆ ಎಲ್ಲವೂ ಕೂಗಿದವು.

ಅಡಿವೆಪ್ಪ ಮುಖ ಮುಚ್ಚಿಕೊಂಡು ಅಳುತ್ತ ಅಲ್ಲೇ ಕೂತ. ತಾಯಿಯವರು ಅವನ ಎದುರಿಗೆ ತಾವೂ ನೆಲದ ಮೇಲೆ ಕೂತರು.

"ನೀ ಬಾಯಿಬಿಟ್ಟ ಹೇಳದ್ದನ್ನ ಈ ಕೂಸು ಕಣ್ಣಿಲೆ ನೋಡಾಕತ್ತೈತಿ," ಎಂದರು. "ಹೇಳು. ಆಕಿ ಮುಂದನ ಹೇಳು."

ಅವನು ಹೇಳಿದ. ಬಿಡದೆ ಸುರಿಯುವ ಮಳೆ, ಕಾಡಿನಲ್ಲಿ ದಳ ಚದುರಿ ಹಿಂದೆಗೆಯುತ್ತಿದ್ದ ಹೊತ್ತು. ಅವನ ಬೂಟುಗಳು ಕೊಳೆತು ಹರಿದಿದ್ದವು. ಕೆಸರಿನಲ್ಲಿ ಒಬ್ಬ ಬಿದ್ದಿದ್ದ, ನಮ್ಮವನೋ ಅವರವನೋ ತಿಳಿಯದು. ಆ ಕಾಡಿನಲ್ಲಿ ಎಲ್ಲರೂ ಎಲ್ಲರ ಬೂಟನ್ನೂ ಕಳಚಿ ಹಾಕಿಕೊಂಡಿದ್ದರು. ಸತ್ತಿದ್ದಾನೆಂದುಕೊಂಡು ಬಲಗಾಲಿನ ಬೂಟು ಎಳೆದುಕೊಂಡ. ಎಡಗಾಲಿಗೆ ಕೈ ಹಾಕಿದಾಗ ಆತ ಕಣ್ಣು ತೆರೆದ. ಮಾತಾಡಲಿಲ್ಲ. ಎರಡು ಕೈ ಕೂಡಿಸಿ ಬಾಯಿಯ ಹತ್ತಿರ ತಂದ. ಅಡಿವೆಪ್ಪನ ಹೆಗಲಲ್ಲಿ ನೀರಿನ ಬಾಟಲಿ ತುಂಬಿತ್ತು. ಆದರೂ ಅವನು ಕೈಯಲ್ಲಿದ್ದ ಬೂಟು ಹಿಡಿದುಕೊಂಡು ಓಡಿದ.

ತಂಗೆವ್ವ ಕೇಳುತ್ತಲೇ ಹತ್ತಿರ ಬಂದಿದ್ದಳು. "ಕಾಕಾಗ ನೀರಡಿಕಿ ಆಗಿತ್ತೇನ?"

"ಹೌದವ್ವಾ."

"ನಿನಗ ಅಂಜಿಕಿ ಬಂದಿತ್ತೇನ?"

"ಹೌದವ್ವಾ. ಭಾಳ ಅಂಜಿದ್ದೆ."

"ನಾನೂ ಅಂಜಿದ್ದೆ," ಎಂದಳು ಹುಡುಗಿ. ತಾಯಿಯವರು ಆಗ ಅವಳ ಕೈಗೆ ಒಂದು ರೊಟ್ಟಿ ಕೊಟ್ಟರು. ಅವಳು ಅದನ್ನು ಪೂರ್ತಿ ತಿಂದಳು.

ಇದನ್ನು ಓದಿದ ಬುದ್ಧಿವಂತರು ಬೇರೆ ಅರ್ಥ ಹೇಳಬಹುದು. ಬಿಸಿಲಿಗೆ ಕಾದ ಕಲ್ಲು ನೀರನ್ನು ಹೀರಿತೆನ್ನಬಹುದು. ನಾವು ವಾದಕ್ಕೆ ಇಳಿಯುವುದಿಲ್ಲ. ಕೂಸು ಉಂಡಿತೆಂಬುದು ನಮಗೆ ಸಾಕು.

ಆದರೆ ಒಂದೇ ದಿನಕ್ಕೆ ಎಲ್ಲವೂ ಸರಿಹೋಯಿತೆಂದರೆ ಸುಳ್ಳಾದೀತು. ತಾಯಿಯವರು, "ಬ್ಯಾಸಗಿ ಮುಗಿಯೂ ತನಕ ಇಲ್ಲೇ ನೀರು ಹಾಕು" ಎಂದರು. ಅಡಿವೆಪ್ಪ ಊರಿಗೆ ಸುದ್ದಿ ಕಳಿಸಿ ಮಗಳೊಂದಿಗೆ ಅಲ್ಲೇ ಉಳಿದ. ಎಂದೂ ಯಾರಿಗೂ ಬಾಗದ ಸಿಪಾಯಿ ದನಗಾಹಿಗಳ, ಭಿಕ್ಷುಕರ, ಬಳೆಗಾರರ ಕಾಲಿಗೆ ಬಗ್ಗಿ ಬಗ್ಗಿ ನೀರು ಹಾಕಿದ. ಕನಸಿನಲ್ಲಿ ಚೀರುವುದು ನಿಲ್ಲಲಿಲ್ಲ. ಆದರೆ ಎಚ್ಚರವಾದಾಗ ಕಂಡದ್ದನ್ನು ತಾಯಿಯವರಿಗೆ ಹೇಳುವುದು ರೂಢಿಯಾಯಿತು.

ಸುದ್ದಿ ಕೇಳಿ ಬೇರೆ ಸಿಪಾಯಿಗಳೂ ಬರತೊಡಗಿದರು, ಕೆಲವರು ಮಾತು ಬಿಟ್ಟ ಮಕ್ಕಳನ್ನು ಕಟ್ಟಿಕೊಂಡು. ಒಬ್ಬನಿಗೆ ತಾಯಿಯವರು ನೀರು ಹಾಕಿ, ಅವನು ಇಳಿದ ಮೇಲೆಯೂ ಬರಿಗಲ್ಲಿಗೆ ಹಾಕುತ್ತಲೇ ಇದ್ದರು. ಪುಟ್ಟ ಮಕ್ಕಳ ಪಾದಗಳನ್ನು ಒರೆಸುವವರಂತೆ ನಡುವೆ ಕೆಲವು ಸಲ ತೀರ ಕೆಳಗೆ ಬಗ್ಗಿ ಸೆರಗು ಆಡಿಸಿದರು. ನಾಲ್ಕು ಹರವಿಗಳೂ ಬರಿದಾದವು. ಅಡಿವೆಪ್ಪ ಹೊಳೆಗೆ ಓಡಿ ಓಡಿ ಕೊಡ ತಂದ. ಹೊತ್ತು ಮುಳುಗುವವರೆಗೂ ಆ ಕಾಣದವರ ಸಾಲು ಮುಗಿಯಲಿಲ್ಲ. ಆತ ತೋಪು ಹಾರಿಸುವ ದಳದಲ್ಲಿದ್ದನೆಂದು ಆಮೇಲೆ ತಿಳಿಯಿತು. ತನ್ನ ಗುಂಡು ಎಲ್ಲಿ ಬೀಳುತ್ತಿತ್ತೆಂಬುದನ್ನು ಅವನು ಎಂದೂ ಕಂಡಿರಲಿಲ್ಲ. ಅವನು ಆ ಬೇಸಿಗೆಯಲ್ಲಿ ಮತ್ತೆ ಮತ್ತೆ ಬಂದ, ಮುಂದಿನ ಬೇಸಿಗೆಯಲ್ಲೂ ಬಂದ. ತಾಯಿಯವರು ಒಮ್ಮೆಯೂ ಬೇಸರಿಸಲಿಲ್ಲ.

ಮೃಗಶಿರಾ ಮಳೆ ಬಿದ್ದ ಮರುದಿನ ಅಡಿವೆಪ್ಪ ತಾಯಿಯವರ ಪಾದ ಮುಟ್ಟಿ ಅಪ್ಪಣೆ ಬೇಡಿದ. ಬಹಳ ದಿನದಿಂದ ಗಂಟಲಲ್ಲಿದ್ದ ಮಾತನ್ನು ಕೊನೆಗೂ ಕೇಳಿದ: "ಅಂವ ಹೋದನ, ಯವ್ವಾ?"

"ಅದನ್ನ ನನ್ನ ಕೇಳಬ್ಯಾಡ," ಎಂದರು ತಾಯಿಯವರು. "ಆಕಿನ್ನ ಕೇಳು."

ಕೇಳಲು ಅವನಿಗೆ ಧೈರ್ಯ ಸಾಲಲಿಲ್ಲ. ಬ್ರಹ್ಮದೇಶದಲ್ಲಿ ಕಾದಾಡಿದವನು, ಸೊಂಟದಷ್ಟೂ ಎತ್ತರವಿಲ್ಲದ ಮಗಳನ್ನು ಒಂದು ಮಾತು ಕೇಳಲು ಹೆದರಿ, ಹಸಿಮಣ್ಣಿನ ದಾರಿಯಲ್ಲಿ ಸುಮ್ಮನೆ ನಡೆದ. ಬೆನ್ನ ಹಿಂದೆ ಸಪ್ಪಳವಿರಲಿಲ್ಲ. ಇಲ್ಲದಿರುವುದೂ ಒಂದು ಬಗೆಯ ಭಯವಾಗಿ, ಅವನು ಕಿವಿಗೊಟ್ಟು ಆಲಿಸುತ್ತಲೇ ಇದ್ದ. ಅರ್ಧ ದಾರಿ ಕಳೆದಿರಬೇಕು, ತಂಗೆವ್ವ ನಿಂತಳು.

"ಅಪ್ಪಾ, ಯಾಕ ಮುಳ್ಳಾಗ ನಡದಿ? ಯಾರಿಗೆ ಜಾಗಾ ಬಿಟ್ಟಿ?"

ಅಡಿವೆಪ್ಪ ತನ್ನ ಕಾಲ ಕಡೆ ನೋಡಿಕೊಂಡ. ಅವನು ದಾರಿಯ ಅಂಚಿನಲ್ಲಿದ್ದ. ಮಗಳಿಗೂ ತನಗೂ ನಡುವೆ, ಒಬ್ಬ ಆಳು ನಡೆಯುವಷ್ಟು ಜಾಗವನ್ನು ಈಗ ಅವನೇ ಬಿಟ್ಟುಕೊಂಡು ಬಂದಿದ್ದ.

"ಕಾಕಾ ಅವತ್ತ ನೀರ ಕುಡದು ಹೊಳಿ ದಾಟಿ ಹ್ವಾದ," ಎಂದಳು ತಂಗೆವ್ವ. "ಹೋಗೂ ಮುಂದ ತಿರಗಿ ನಿನ್ನ ನೋಡಿದ. ನೀ ಅಳಾಕತ್ತಿದ್ದಿ, ನೋಡಲಿಲ್ಲ."

ಹಾಗೆಂದು ಅವಳು ಆ ಖಾಲಿ ಜಾಗಕ್ಕೆ ಬಂದು ಅಪ್ಪನ ಬೆರಳು ಹಿಡಿದುಕೊಂಡಳು. ಇಬ್ಬರೂ ಊರ ಕಡೆ ನಡೆದರು.