ಗುಡುಗಿನ ತಗಡು

"ಗುರುಗಳೇ, ನಿಮ್ಮ ಮಾತು ಇಲ್ಲಿ ಕುಳಿತ ಎಲ್ಲರಿಗೂ ಮುಟ್ಟುತ್ತದೆ. ನನಗೊಬ್ಬನಿಗೆ ಅರ್ಧಕ್ಕೇ ತುಂಡಾಗುತ್ತದೆ. ಹಿಂದಿನ ಗುರುಗಳ ಕಾಲದಲ್ಲಿ ಹೀಗಿರಲಿಲ್ಲ. ಅವರ ಮಾತು ಈಗಲೂ ಕಿವಿಯಲ್ಲಿದೆ, ದಿನಾ ನೆನೆದು ಕೈಮುಗಿಯುತ್ತೇನೆ. ನಿಮ್ಮದು ಮಾತ್ರ ನಿಲ್ಲುವುದಿಲ್ಲ. ದೋಷ ಎಲ್ಲಿದೆ?" ಎಂದು ಶಿಷ್ಯ ಸೋಮಲಿಂಗ ಕೇಳಿದ.

ಗುರುಗಳು ತಾವು ಊರೂರು ತಿರುಗುತ್ತಿದ್ದಾಗ ಕಂಡದ್ದೆಂದು ಈ ಕತೆ ಹೇಳಿದರು.

ಒಬ್ಬ ಹಾರ್ಮೋನಿಯಂ ಮಾಸ್ತರ ಇದ್ದ. ನಾಟಕ ಕಂಪನಿಯವನು. ಡೇರೆ ಹಾಕುವುದು, ಡೇರೆ ಕೀಳುವುದು, ಲಾರಿ ಏರುವುದು, ಅದೇ ಅವನ ಬಾಳು. ಶಾಲೆಯ ಮೆಟ್ಟಿಲು ಹೆಚ್ಚು ಹತ್ತಿದವನಲ್ಲ. ಆದರೆ ಹಾಡುವವನ ತುಟಿ ನೋಡಿದರೆ ಸಾಕು, ಅವನು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆಂದು ಇವನ ಬೆರಳಿಗೆ ಮೊದಲೇ ತಿಳಿಯುತ್ತಿತ್ತು. ಆ ಕಂಪನಿಯಲ್ಲಿ ರಾಣಿಯ ಪಾತ್ರ ಮಾಡುತ್ತಿದ್ದವನು ದಾವಲಸಾಬ. ಅವನು ಸೆರಗು ಹೊದೆಯುವ ರೀತಿ ನೋಡಿ ಊರ ಹೆಂಗಸರು ಕಲಿಯುತ್ತಿದ್ದರಂತೆ. ಅವನು ಹಾಡಿದರೆ ಹಾರ್ಮೋನಿಯಂ ಪೇಟಿಗೆ ಮಾಸ್ತರನೇ ಕೂರಬೇಕು. ಬೇರೆಯವರು ಕುಳಿತರೆ ಅವನಿಗೆ ಸ್ವರವೇ ಏಳುತ್ತಿರಲಿಲ್ಲ.

ಕಾಲ ಕಳೆಯಿತು. ಜನ ಡೇರೆಗೆ ಬರುವುದು ನಿಂತಿತು, ಕಂಪನಿ ಮುಚ್ಚಿತು. ಸಾಮಾನು ಹಂಚಿಕೊಳ್ಳುವಾಗ ಒಬ್ಬ ಪರದೆ ಒಯ್ದ, ಒಬ್ಬ ಕಿರೀಟ ಒಯ್ದ. ಮಾಸ್ತರ ಗುಡುಗಿನ ತಗಡನ್ನು ಕೇಳಿ ಪಡೆದ. ಆಳೆತ್ತರದ ಕಬ್ಬಿಣದ ತಗಡು. ರಾಣಿ ಶಾಪ ಕೊಡುವಾಗ ಪರದೆಯ ಹಿಂದೆ ಅದನ್ನು ಹಿಡಿದು ಅಲ್ಲಾಡಿಸಿದರೆ ಡೇರೆಯೆಲ್ಲ ಗುಡುಗುತ್ತಿತ್ತು. ಕಂಪನಿಯವರು ಅದಕ್ಕೆ ಕಾಲು ತಾಗಿಸುತ್ತಿರಲಿಲ್ಲ. ಆಟಕ್ಕೆ ಮೊದಲು ಕುಂಕುಮ ಹಚ್ಚುತ್ತಿದ್ದರು.

ಮಾಸ್ತರ ಅಕ್ಕನ ಮನೆಯಲ್ಲಿ ಉಳಿದ. ದಪ್ಪ ಕಲ್ಲುಗೋಡೆಯ ಮನೆ. ಅವನ ಇಕ್ಕಟ್ಟಾದ ಕೋಣೆಗೂ ಪಡಸಾಲೆಗೂ ನಡುವೆ ಒಂದು ಕಿಟಕಿ. ಆ ಕಿಟಕಿಗೆ ತಗಡನ್ನು ತೂಗುಹಾಕಿ, ಮೇಲೆ ದಾವಲಸಾಬ ಕೊಟ್ಟಿದ್ದ ರಾಣಿಯ ಜರಿಸೆರಗು ಹೊದಿಸಿದ. ದಿನಾ ಹೂವೇರಿಸಿ ಕೈಮುಗಿಯುವನು. ಒಳಗೆ ದೇವರ ಪಟವಿದೆ ಎಂದುಕೊಂಡು ಮನೆಗೆ ಬಂದವರೂ ಕೈಮುಗಿದು ಹೋಗುವರು.

ಅದರ ಕೆಳಗೆ ಒಂದು ಕಂಪ್ಯೂಟರು ಇಟ್ಟುಕೊಂಡಿದ್ದ. ದಾವಲಸಾಬ ದೂರದೂರಿನಲ್ಲಿದ್ದ. ವಾರಕ್ಕೊಮ್ಮೆ ಅವನು ಅಲ್ಲಿಂದ ಹಾಡಬೇಕು, ಇವನು ಇಲ್ಲಿಂದ ನುಡಿಸಬೇಕು. ಮೊಬೈಲಿನಲ್ಲಿ ಗೆಳೆಯನ ತುಟಿ ಜೋಳದ ಕಾಳಿನಷ್ಟು ಕಾಣುತ್ತದೆ, ಅದಕ್ಕಾಗಿಯೇ ದೊಡ್ಡ ಕಂಪ್ಯೂಟರು. ವೈಫೈ ಪೆಟ್ಟಿಗೆ ಪಡಸಾಲೆಯಲ್ಲಿತ್ತು. ಅಲ್ಲಿ ಕುಳಿತವರ ಮೊಬೈಲುಗಳೆಲ್ಲ ಓಡುತ್ತಿದ್ದವು. ಮಾಸ್ತರನ ಕಂಪ್ಯೂಟರೊಂದೇ ತೆವಳುತ್ತಿತ್ತು. ದಾವಲಸಾಬ ತೆರೆದ ಬಾಯಿ ತೆರೆದೇ ನಿಲ್ಲುವುದು. ಹಾಡು ಚೂರು ಚೂರಾಗಿ ಬರುವುದು. ನಡುವೆ ಒಂದು ಚಕ್ರ ಸುಮ್ಮನೆ ತಿರುಗುವುದು.

ಹೀಗಿರುವಾಗ ದಾವಲಸಾಬನ ಗಂಟಲಲ್ಲಿ ಗಡ್ಡೆಯಾಯಿತು. ಕೊಯ್ದು ತೆಗೆಯಬೇಕು, ತೆಗೆದ ಮೇಲೆ ಧ್ವನಿ ಇರುವುದಿಲ್ಲ ಎಂದರು ವೈದ್ಯರು. ಅದಕ್ಕೆ ಮೊದಲು ಮಾಸ್ತರನ ಪೇಟಿಗೆ ಒಂದೇ ಒಂದು ಪದ ಹಾಡಿಬಿಡುತ್ತೇನೆ ಎಂದ ದಾವಲಸಾಬ.

ಮಾಸ್ತರ ಕಂಪ್ಯೂಟರನ್ನು ಆರಿಸಿ ಹಚ್ಚಿದ. ವೈಫೈ ಪೆಟ್ಟಿಗೆಯನ್ನೂ ಆರಿಸಿ ಹಚ್ಚಿದ. ಇಂಟರ್ನೆಟ್ಟಿನವನನ್ನು ಕರೆಸಿದ. ಅವನು ಪಡಸಾಲೆಯಲ್ಲೇ ನಿಂತು ತನ್ನ ಫೋನಿನಲ್ಲಿ ವೇಗ ಅಳೆದು, "ನಮ್ಮ ಕಡಿಂದ ಬರೊಬ್ಬರಿ ಐತ್ರಿ" ಎಂದು ಹೋದ. ರಿಪೇರಿಯವನು ಬಂದು ಕಂಪ್ಯೂಟರಿನ ಒಳಗಿದ್ದುದನ್ನೆಲ್ಲ ಅಳಿಸಿ ಹೊಸದಾಗಿ ತುಂಬಿದ. ಅದರ ಹಿಂಬದಿಗೆ ಚುಚ್ಚಿದ್ದ, ವೈಫೈ ಹಿಡಿಯುವ ಕಡ್ಡಿಯನ್ನೂ ಬದಲಿಸಿದ. ಹೋಗುವಾಗ ಜರಿಸೆರಗಿಗೆ ಕೈಮುಗಿದ. ಚಕ್ರ ತಿರುಗುತ್ತಲೇ ಇತ್ತು.

"ಆ ಡಬ್ಬಿ ಪಡಸಾಲಿಗೆ ತಂದಿಡೋ ತಮ್ಮಾ" ಎಂದಳು ಅಕ್ಕ.

"ನಮ್ಮ ಗುಡುಗಿನ ಕೆಳಗ ಕೂತರನ ನನಗ ಸ್ವರ ಹತ್ತೋದು, ಅಕ್ಕಾ" ಎಂದ ಮಾಸ್ತರ.

ದಾವಲಸಾಬ ಆಸ್ಪತ್ರೆಗೆ ಹೊರಡುವ ದಿನ ಬಂತು. ಬೆಳಿಗ್ಗೆ ಇಬ್ಬರೂ ಎದುರುಬದುರಾದರು. ಹಾಡು ಏಳುವುದು, ಮುರಿಯುವುದು. ಮತ್ತೆ ಏಳುವುದು, ಮುರಿಯುವುದು.

"ಏನಲೇ ಮಾಸ್ತರ, ಮುದುಕ ಆಗಿ ತಾಳ ಮರ್ತೇನು?"

"ತಾಳ ಅಲ್ಲೋ, ಈ ಸುಡಗಾಡ ಮಷೀನು."

"ಹೋಗ್ಲಿ ಬಿಡು. ಹಾಡು ಬ್ಯಾಡ. ನಮ್ಮ ಗುಡುಗನ್ನರ ಒಮ್ಮೆ ಕೇಳಸು. ನಿನಗ ಒಂದು ಶಾಪ ಕೊಟ್ಟು ಹೋಗತೀನಿ."

ಚೂರು ಚೂರಾಗಿ ಬಂದ ಆ ಮಾತನ್ನು ಮಾಸ್ತರ ಜೋಡಿಸಿಕೊಂಡು ಎದ್ದ. ತೂಗುಹಾಕಿದ ಮೇಲೆ ಆ ತಗಡನ್ನು ಅವನು ಕೆಳಗಿಳಿಸಿರಲಿಲ್ಲ. ಜರಿಸೆರಗು ತೆಗೆದ, ಕೊಕ್ಕೆ ಬಿಡಿಸಿದ, ಮೂಲೆಯಲ್ಲಿ ನಿಂತು ಅಲ್ಲಾಡಿಸಿದ. ಮನೆ ಗುಡುಗಿತು. ಅಡುಗೆಮನೆಯಿಂದ ಅಕ್ಕ ಹೌಹಾರಿ ಓಡಿಬಂದಳು. ದಾವಲಸಾಬ ನಕ್ಕ. ಆ ನಗು ಎಲ್ಲೂ ತುಂಡಾಗಲಿಲ್ಲ. ಡೇರೆಯಲ್ಲಿ ನಕ್ಕಂತೆ ಇಡಿಯಾಗಿ ಬಂತು.

ಗುಡುಗು ಒಲಿಯಿತು ಎಂದುಕೊಂಡ ಮಾಸ್ತರ. ತಗಡನ್ನು ಕಣ್ಣಿಗೊತ್ತಿಕೊಂಡು ಮತ್ತೆ ಕಿಟಕಿಗೆ ಹಾಕಿ ಪೇಟಿಗೆ ಕುಳಿತ. ನಗುತ್ತಿದ್ದ ಬಾಯಿ ತೆರೆದಂತೆಯೇ ನಿಂತಿತು. ಚಕ್ರ ತಿರುಗತೊಡಗಿತು.

ಮಾಸ್ತರ ಎದ್ದು ತಗಡನ್ನು ಇಳಿಸಿದ. ನಗು ಮುಂದುವರಿಯಿತು. ಕಿಟಕಿಯಾಚೆ ಪಡಸಾಲೆಯ ಗೋಡೆಯ ಮೇಲೆ ವೈಫೈ ಪೆಟ್ಟಿಗೆಯ ದೀಪ ಕಂಡಿತು. ಇಷ್ಟು ದಿನ ಅದಕ್ಕೂ ತನಗೂ ನಡುವೆ ಏನಿತ್ತೆಂದು ಅವನು ಆಗ ನೋಡಿದ. ಕೈಯಲ್ಲೇ ಇತ್ತು.

ಆ ಕೋಣೆಯಲ್ಲಿ ತಗಡನ್ನು ಒರಗಿಸಲು ಬೇರೆ ಜಾಗವಿರಲಿಲ್ಲ. ನೆಲಕ್ಕೆ ಹಾಸಿದ. ಯಾವತ್ತೂ ಕಾಲು ತಾಗಿಸದ ಆ ತಗಡಿನ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕುಳಿತು ಪೇಟಿಯ ತಿದಿ ಎಳೆದ. ದಾವಲಸಾಬ ತಲೆಯ ಮೇಲೆ ಇಲ್ಲದ ಸೆರಗನ್ನು ಸರಿಮಾಡಿಕೊಂಡು ಹಾಡಿದ. ಮಾಸ್ತರ ಅವನ ತುಟಿ ನೋಡುತ್ತಾ ನುಡಿಸಿದ. ಒಂದು ಉಸಿರೂ ತಪ್ಪಲಿಲ್ಲ. ದಾವಲಸಾಬ ಈಗಲೂ ಇದ್ದಾನೆ, ವಾರಕ್ಕೊಮ್ಮೆ ತೆರೆಯ ಮೇಲೆ ಬಂದು ಕೈ ಬೀಸುತ್ತಾನೆ. ಆದರೆ ಅವನ ಧ್ವನಿಯನ್ನು ಲೋಕ ಕೇಳಿದ್ದು ಅದೇ ಕೊನೆ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

"ಆಮೇಲೆ ಆ ತಗಡನ್ನು ಮಾಸ್ತರ ಎಸೆದನೇ, ಗುರುಗಳೇ?" ಎಂದು ಸೋಮಲಿಂಗ ಕೇಳಿದ.

"ಅವನ ತಗಡು ಇರಲಿ ಸೋಮಲಿಂಗ, ನೀನು ದಿನಾ ಕೈಮುಗಿಯುವುದನ್ನು ಯಾವ ಕಿಟಕಿಗೆ ತೂಗುಹಾಕಿದ್ದೀಯೆ?"